ದೊಡ್ಡಮ್ಮ ಗುಡಿಸದೆ ಬಿಟ್ಟ ದಂಡೆ

ನಮ್ಮ ದೊಡ್ಡಮ್ಮ ಹಾಸಿದ ಹಾಸಿಗೆಯ ಮೇಲೆ ಮಲಗಲು ಎದೆಗಾರಿಕೆ ಬೇಕು. ಮಗ್ಗುಲು ಬದಲಿಸಿದರೆ ಎಲ್ಲಿ ಹೊದಿಕೆ ಸುಕ್ಕಾಗುತ್ತದೋ, ಸುಕ್ಕಾದರೆ ಎಲ್ಲಿ ಅವಳ ಹುಬ್ಬು ಗಂಟಿಕ್ಕುತ್ತದೋ ಎಂದು ಚಿಕ್ಕಂದಿನಲ್ಲಿ ನಾನು ಅವಳ ಮನೆಯಲ್ಲಿ ಕೊರಡಿನ ಹಾಗೆ ಮಲಗಿ ಬೆಳಗು ಮಾಡಿದ್ದೇನೆ. ಅವಳು ನಮ್ಮಮ್ಮನ ಅಕ್ಕ. ಸರ್ಕಾರಿ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸಕ್ಕೆ ಸೇರಿದವಳು, ಈಗ ಒರೆಸುವವರಿಗೆಲ್ಲ ಮೇಸ್ತ್ರಿ. ವಾರ್ಡಿನ ಬಾಗಿಲಲ್ಲಿ ಅವಳ ಚಪ್ಪಲಿ ಸದ್ದು ಕೇಳಿದರೆ ಕಾಯಿಲೆಯವರೂ ಕಾಲು ಮಡಚಿಕೊಳ್ಳುತ್ತಾರೆ ಎಂದು ನಮ್ಮಮ್ಮ ನಗುತ್ತಾಳೆ. ಹಾಗೆ ನಗುವ ಹಕ್ಕು ತಂಗಿಯೊಬ್ಬಳಿಗೇ ಇದೆ. ನಾವು ನಕ್ಕರೆ ನಮ್ಮ ಗತಿ ಅಷ್ಟೇ.

ಆಸ್ಪತ್ರೆಗೆ ಮೇಲಿನವರು ತಪಾಸಣೆಗೆ ಬರುತ್ತಾರೆ ಎಂದರೆ ಅವಳನ್ನು ಹಿಡಿಯುವವರಿಲ್ಲ. ಕಿಟಕಿಗೆ ಒಣಹಾಕಿದ ಟವೆಲ್ಲು ಮಾಯ, ಮಂಚದ ಕೆಳಗಿನ ಚೀಲ ಮಾಯ, ನೋಡಲು ಬಂದ ನೆಂಟರೂ ಮಾಯ. ನಡೆಯಬಲ್ಲ ರೋಗಿಗಳನ್ನು ಹಿಂದಿನ ಅಂಗಳಕ್ಕೆ ಸಾಗಹಾಕಿ, ನಡೆಯಲಾರದವರಿಗೆ ತಪಾಸಣೆಯವರು ಹೋಗುವ ತನಕ ಅಲ್ಲಾಡಬೇಡಿ ಎಂದು ತಾಕೀತು ಮಾಡುತ್ತಾಳೆ. ಅವಳೊಬ್ಬಳೇ ಹಾಗಲ್ಲ. ನಮ್ಮ ಓಣಿಯವರೆಲ್ಲ ಅದೇ ಆಸ್ಪತ್ರೆಯ ಅನ್ನ ತಿಂದವರು: ಬಟ್ಟೆ ಒಗೆಯುವವರು, ಅಡುಗೆಯವರು, ಗೇಟು ಕಾಯುವವರು, ಸ್ಟ್ರೆಚರ್ ತಳ್ಳುವವರು. ಯಾರೂ ಮಲಗಿಯೇ ಇಲ್ಲ ಅನ್ನಿಸುವ ಹಾಸಿಗೆಯೇ ಒಳ್ಳೆಯ ಹಾಸಿಗೆ ಎಂಬುದು ಅವರಿಗೆ ರಕ್ತಗತ. ಈ ಕಥೆಯ ಎಡವಟ್ಟೆಲ್ಲ ಹುಟ್ಟಿದ್ದು ಅಲ್ಲಿಂದ.

ದೊಡ್ಡಪ್ಪ ಅದೇ ಆಸ್ಪತ್ರೆಯಲ್ಲಿ ಆಂಬುಲೆನ್ಸ್ ಓಡಿಸುತ್ತಿದ್ದವರು. ಮಾತಿನ ಮಲ್ಲ. ಹಿಂದೆ ಮಲಗಿದವರು ನೋವು ಮರೆಯಲಿ ಎಂದು ದಾರಿಯುದ್ದಕ್ಕೂ ಏನಾದರೊಂದು ತಮಾಷೆ ಹೇಳುತ್ತಿದ್ದರು. ಆಸ್ಪತ್ರೆ ಬಂದರೂ ಕೆಲವರು ಕಥೆ ಮುಗಿಯುವ ತನಕ ಇಳಿಯಲು ಒಪ್ಪುತ್ತಿರಲಿಲ್ಲವಂತೆ. ಇದು ಅವರೇ ಕೊಚ್ಚಿಕೊಂಡದ್ದು, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಅಂಥವರಿಗೆ ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಲಕ್ವ ಹೊಡೆಯಿತು. ಬಲಗೈ, ಬಲಗಾಲು, ನಾಲಿಗೆ ಎಲ್ಲವೂ ಒಟ್ಟಿಗೆ ಕೈಕೊಟ್ಟವು. ಎಷ್ಟೋ ತಿಂಗಳ ಮೇಲೆ ನಾಲಿಗೆ ಒಂದೊಂದು ಪದದಷ್ಟು ತಿರುಗಿ ಬಂತು. ಆದರೆ ಪದ ಸೊಟ್ಟಗೆ ಬರುತ್ತಿತ್ತು, ಜೊಲ್ಲಿನ ಜೊತೆಗೆ ಬರುತ್ತಿತ್ತು, ಅದು ಅವರಿಗೆ ಸಾಯುವಷ್ಟು ನಾಚಿಕೆ. ಮನೆಯವರ ಮುಂದೆ ಬಿಟ್ಟರೆ ಇನ್ಯಾರ ಮುಂದೂ ತುಟಿ ಬಿಚ್ಚುತ್ತಿರಲಿಲ್ಲ. ಯಾರಾದರೂ ಅವರನ್ನೇ ನೋಡಿ ಹೇಗಿದ್ದೀರಿ ಎಂದು ಕೇಳಿದರೂ ದೊಡ್ಡಮ್ಮನೇ ಪರವಾಗಿಲ್ಲ, ಈಗ ಊಟ ಸೇರುತ್ತಿದೆ ಎಂದು ಉತ್ತರ ಕೊಡುತ್ತಿದ್ದಳು. ಅವರು ಗೋಡೆ ನೋಡುತ್ತಾ ಕೂತಿರುತ್ತಿದ್ದರು.

ಆಸ್ಪತ್ರೆಯಲ್ಲಿ ಕೈಕಾಲಿನ ವ್ಯಾಯಾಮ ಮಾಡಿಸುವ ಹುಡುಗಿಯೊಬ್ಬಳಿದ್ದಳು. ಎದೆಮಟ್ಟದ ನೀರಿನಲ್ಲಿ ಮೈ ಹಗುರವಾಗುತ್ತದೆ, ಅಲ್ಲಿ ನಿಲ್ಲಿಸಿ ನಡೆಸಿ ನೋಡಿ ಎಂದು ಅವಳು ಹೇಳಿದಳು. ಹೇಳುವುದೇನೋ ಸುಲಭ. ಆಸ್ಪತ್ರೆಯಲ್ಲಿ ಈಜುಕೊಳವಿಲ್ಲ, ಊರಿನಲ್ಲಿದ್ದ ಒಂದೇ ಕೊಳ ದೊಡ್ಡ ಹೋಟೆಲಿನದು, ಅಲ್ಲಿ ನಮ್ಮನ್ನು ಗೇಟಿನಲ್ಲೇ ವಿಚಾರಿಸಿ ಕಳಿಸುತ್ತಾರೆ. ಉಳಿದದ್ದು ಕೆರೆ. ಕೆರೆಯ ಸುತ್ತ ಬಂಗಲೆಗಳ ಹಿತ್ತಿಲು, ಹಿತ್ತಿಲು ಮುಗಿದಲ್ಲಿ ದೋಣಿ ಕ್ಲಬ್ಬಿನ ಗೋಡೆ. ಆ ಗೋಡೆಗೂ ಪಾಳುಬಿದ್ದ ಪಂಪ್‌ಹೌಸಿಗೂ ನಡುವೆ, ನಮ್ಮ ಓಣಿಯ ತುದಿಯಲ್ಲಿ, ಒಂದು ತುಂಡು ಸರ್ಕಾರಿ ದಂಡೆ ಹೇಗೋ ಉಳಿದುಕೊಂಡಿತ್ತು. ಓಣಿಯವರ ಸಂಜೆ ಕಳೆಯುತ್ತಿದ್ದದ್ದು ಅಲ್ಲಿಯೇ. ಮಕ್ಕಳು ಲಾರಿಯ ಟ್ಯೂಬು ಹಾಕಿಕೊಂಡು ಈಜುತ್ತಿದ್ದರು, ಮುದುಕರು ಗಾಳ ಹಾಕಿ ಕೂರುತ್ತಿದ್ದರು, ಪಾಳಿ ಮುಗಿಸಿ ಬಂದ ಹೆಂಗಸರು ನೀರಿಗೆ ಕಾಲು ಬಿಟ್ಟುಕೊಂಡು ಆಸ್ಪತ್ರೆಯ ಡಾಕ್ಟರುಗಳ ಜಾತಕ ಜಾಲಾಡುತ್ತಿದ್ದರು.

ದೊಡ್ಡಮ್ಮ ಆಸ್ಪತ್ರೆಯ ಗುಜರಿ ಕೋಣೆಯಿಂದ ಒಂದು ಗಾಲಿಕುರ್ಚಿ ಬಿಡಿಸಿಕೊಂಡು ಬಂದಳು. ಅದು ಓಣಿಯ ತುದಿಯವರೆಗೆ ಉರುಳುತ್ತಿತ್ತು. ಅಲ್ಲಿಂದಾಚೆ ಕಲ್ಲು, ಕೆಸರು, ಜಾರು. ಪಂಚರ್ ಅಂಗಡಿಯವನೂ ಆಸ್ಪತ್ರೆಯ ಲಾಂಡ್ರಿಯವನೂ ದೊಡ್ಡಪ್ಪನನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ ಎತ್ತಿಕೊಂಡು ನೀರಿಗಿಳಿಸಿದರು. ಮೊದಲ ದಿನ ನಾನೂ ಇದ್ದೆ. ನೀರು ಎದೆಗೆ ಬಂದಾಗ ದೊಡ್ಡಮ್ಮ ಎರಡೂ ಕೈ ಹಿಡಿದು ಎಬ್ಬಿಸಿದಳು. ದೊಡ್ಡಪ್ಪ ಎದ್ದು ನಿಂತರು. ಹೆಜ್ಜೆಯನ್ನೂ ಇಟ್ಟರು. ನಾನೂ ನಮ್ಮಮ್ಮನೂ ದಂಡೆಯಲ್ಲಿ ಗೊಳೋ ಎಂದು ಅತ್ತೆವು. ದೊಡ್ಡಮ್ಮ ಅಳಲಿಲ್ಲ. ಇನ್ನೊಂದು ಹೆಜ್ಜೆ ಇಡಿ ಎಂದಳು, ಅಷ್ಟೇ. ಅಂದಿನಿಂದ ದಿನ ತಪ್ಪಿಸಿದವಳಲ್ಲ. ಬೆಳಿಗ್ಗೆ ಮಂಚದ ಪಕ್ಕ ನಿಂತು ಏಳಿ, ಹೊತ್ತಾಯಿತು ಅನ್ನುವುದು, ಹೊರಡಿಸುವುದು. ನೆಲದ ಮೇಲೆ ನಿಲ್ಲಲಾರದ ಮನುಷ್ಯ ನೀರಿನಲ್ಲಿ ನಡೆಯುತ್ತಿದ್ದರು.

ಆದರೆ ಎತ್ತಿ ಇಳಿಸುವುದು ವರ್ಷಗಟ್ಟಲೆ ನಡೆಯುವ ಕೆಲಸವಲ್ಲ. ಪಂಚರ್ ಅಂಗಡಿಯವನಿಗೆ ಬೆನ್ನು ಹಿಡಿದುಕೊಂಡಿತು. ಲಾಂಡ್ರಿಯವನ ಕಾಲು ಒಮ್ಮೆ ಜಾರಿ ಅವನೂ ದೊಡ್ಡಪ್ಪನೂ ಕುರ್ಚಿಯ ಸಮೇತ ಕೆಸರಿಗೆ ಬಿದ್ದರು. ಹೀಗಿರುವಾಗಲೇ ಸರ್ಕಾರ ಹೊಸ ಯೋಜನೆ ತಂದಿತು. ಕೆರೆಗಳ ದಂಡೆ ಜನಸಾಮಾನ್ಯರ ವಿಹಾರಕ್ಕೆ ಸಿಗಬೇಕು; ಅಂಥ ಕಡೆ ಸರ್ಕಾರವೇ ಇಳಿಜಾರು ದಾರಿ, ಕಂಬಿ, ಬೆಂಚು, ಬಟ್ಟೆ ಬದಲಿಸುವ ಕೋಣೆ ಕಟ್ಟಿಸಿಕೊಡುತ್ತದೆ ಎಂದು. ಷರತ್ತು ಒಂದೇ: ಆ ಜಾಗವನ್ನು ಜನ ಈಗಾಗಲೇ ಬಳಸುತ್ತಿರಬೇಕು. ಯಾರೂ ಬಳಸದ ಜಾಗವಾದರೆ ಗುತ್ತಿಗೆಗೆ ಹೋಗುತ್ತದೆ. ನಮ್ಮ ತುಂಡು ದಂಡೆಯ ಮೇಲೆ ದೋಣಿ ಕ್ಲಬ್ಬಿನವರು ಆಗಲೇ ಕಣ್ಣು ಹಾಕಿ ಅರ್ಜಿಯನ್ನೂ ಹಾಕಿದ್ದರು, ದೋಣಿಗಳನ್ನು ನಿಲ್ಲಿಸಲು ಜಾಗ ಸಾಲದು ಎಂದು. ಅಂದರೆ, ಯೋಜನೆ ನಮ್ಮ ಕಡೆ ಬಂದರೆ ಇಳಿಜಾರು ಆಗುತ್ತದೆ, ದೊಡ್ಡಪ್ಪ ಯಾರ ಬೆನ್ನೂ ಮುರಿಯದೆ ನೀರಿಗಿಳಿಯುತ್ತಾರೆ. ದಂಡೆ ಕ್ಲಬ್ಬಿಗೆ ಹೋದರೆ ಗೋಡೆ ಎದ್ದು, ದೊಡ್ಡಪ್ಪ ಉಳಿದ ಆಯುಷ್ಯವನ್ನು ಮಂಚದ ಮೇಲೆ ಕಳೆಯುತ್ತಾರೆ.

ಜಾಗ ನೋಡಲು ಯೋಜನೆಯ ಇಲಾಖೆಯಿಂದ ಇಂಜಿನಿಯರು ತಪಾಸಣೆಗೆ ಬರುವ ದಿನ ತಿಳಿಯಿತು. ಷರತ್ತು ದೊಡ್ಡಮ್ಮನಿಗೆ ಗೊತ್ತಿರಲಿಲ್ಲ ಎಂದಲ್ಲ. ತಪಾಸಣೆ ಎಂಬ ಪದ ಕಿವಿಗೆ ಬಿದ್ದ ಕೂಡಲೇ ಉಳಿದದ್ದೆಲ್ಲ ಅವಳ ತಲೆಯಿಂದ ಹಾರಿಹೋಯಿತು. ಇಡೀ ಓಣಿಯನ್ನು ಕೆಲಸಕ್ಕೆ ಹಚ್ಚಿದಳು. ಒಣಹಾಕಿದ ಬಟ್ಟೆ ತೆಗೆಸಿದಳು. ಲಾರಿ ಟ್ಯೂಬು ಪಂಚರ್ ಅಂಗಡಿಯ ಅಟ್ಟ ಸೇರಿತು. ಮಕ್ಕಳು ನೀರಿಗೆ ಹಾರಲು ಇಟ್ಟುಕೊಂಡಿದ್ದ ಹಲಗೆ ಯಾರದೋ ಹಿತ್ತಿಲಿಗೆ ಹೋಯಿತು. ಗಾಳದ ಮುದುಕರಿಗೆ ಇವತ್ತೊಂದು ದಿನ ಮನೆಯಲ್ಲೇ ಇರಿ ಎಂದು ಹೇಳಿಕಳಿಸಿದ್ದಾಯಿತು. ಮಕ್ಕಳಿಗೆ ತಲೆ ಬಾಚಿ ಬಾಗಿಲಾಚೆ ಕಾಲಿಡದಂತೆ ಕೂರಿಸಿದ್ದಾಯಿತು. ಕೆಸರಿನಲ್ಲಿದ್ದ ಹೆಜ್ಜೆ ಗುರುತುಗಳನ್ನೂ ಪೊರಕೆಯಿಂದ ಅಳಿಸಿ, ನೀರಿನಂಚಿಗೆ ಬ್ಲೀಚಿಂಗ್ ಪುಡಿಯ ಗೆರೆ ಎಳೆದು, ಮೇಲೆ ಫಿನಾಯಿಲ್ ಚಿಮುಕಿಸಿದರು. ಕೆರೆ ಆಪರೇಷನ್ ಥಿಯೇಟರಿನ ಹಾಗೆ ನಾರುತ್ತಿತ್ತು. ದೊಡ್ಡಪ್ಪನಿಗೆ ನಾನೇ ಶರ್ಟು ಇಸ್ತ್ರಿ ಮಾಡಿಕೊಟ್ಟೆ. ಬಂದವರ ಕಣ್ಣಿಗೆ ಚಡ್ಡಿಯಲ್ಲಿ ನೀರಿಗಿಳಿಯುವ ಕಾಯಿಲೆಯ ಮನುಷ್ಯ ಬೀಳುವುದು ಬೇಡ ಎಂದು ದೊಡ್ಡಮ್ಮ ಅವರನ್ನು ಮಂಚದ ಮೇಲೆ ಕೂರಿಸಿ ಮನೆ ಬಾಗಿಲು ಮುಂದೆ ಮಾಡಿದಳು.

ಇಂಜಿನಿಯರು ಬಂದರು. ಕನ್ನಡಕದ, ಹೆಚ್ಚು ಮಾತಿಲ್ಲದ ಮನುಷ್ಯ. ದಂಡೆಯ ಮೇಲೆ ಅತ್ತಿಂದಿತ್ತ ನಡೆದು, ಇಲ್ಲಿಗೆ ಜನ ಬರುತ್ತಾರಾ ಎಂದು ಕೇಳಿದರು. ಪಂಚರ್ ಅಂಗಡಿಯವನು ಎದೆ ಉಬ್ಬಿಸಿ, "ಒಂದು ನರಪಿಳ್ಳೆಯೂ ಬರಲ್ಲ ಸರ್, ನಾವು ಬಿಡಲ್ಲ" ಎಂದ. ದೊಡ್ಡಮ್ಮ ಮೆಚ್ಚುಗೆಯಿಂದ ತಲೆಯಾಡಿಸಿದಳು. ಇಂಜಿನಿಯರು ಏನೋ ಬರೆದುಕೊಂಡು, ಕೊಟ್ಟ ಟೀ ಕುಡಿದು, ಬಹಳ ಚೊಕ್ಕವಾಗಿಟ್ಟಿದ್ದೀರಿ ಎಂದು ಹೇಳಿ ಹೋದರು. ಅಂದು ಓಣಿಯಲ್ಲಿ ಎಲ್ಲರೂ ಹಿಗ್ಗಿ ಹೀರೇಕಾಯಿ ಆಗಿದ್ದರು.

ವರದಿ ಹೊರಬಿದ್ದಾಗ ಓದಿದವಳು ನಾನು. ಸಾರ್ವಜನಿಕರ ಬಳಕೆ ಕಂಡುಬಂದಿಲ್ಲ. ಯಾರೂ ಬರುವುದಿಲ್ಲವೆಂದು ಸ್ಥಳೀಯರೇ ತಿಳಿಸಿದ್ದಾರೆ. ಗುತ್ತಿಗೆಗೆ ಕೊಡಬಹುದು ಎಂದಿತ್ತು. ನನಗೆ ಸಿಟ್ಟು ಬೇಗ. ಆ ಕನ್ನಡಕದವನು ಕ್ಲಬ್ಬಿನವರ ಜೊತೆ ಸೇರಿಕೊಂಡಿದ್ದಾನೆ, ಕಣ್ಣಿದ್ದೂ ಕುರುಡ ಎಂದು ಬಾಯಿಗೆ ಬಂದಂತೆ ಬೈದೆ. ದೊಡ್ಡಮ್ಮ ವರದಿಯನ್ನು ನನ್ನ ಕೈಯಿಂದ ತೆಗೆದುಕೊಂಡು ಮಡಚಿಟ್ಟಳು. ಅವಳ ಮುಖ ಕಪ್ಪಿಟ್ಟಿತ್ತು.

"ಅವರು ಸುಳ್ಳು ಬರ್ದಿಲ್ಲ ಕಣೇ," ಎಂದಳು. "ಸುಳ್ಳು ತೋರ್ಸಿದ್ದು ನಾವು. ಅದೂ ನಾನು."

ಬೇರೆ ಯಾರಾದರೂ ಆಗಿದ್ದರೆ ತಲೆ ಮೇಲೆ ಕೈ ಹೊತ್ತು ಕೂರುತ್ತಿದ್ದರು. ಅವಳು ಮರುದಿನ ಪಾಳಿ ಮುಗಿಸಿ, ಯೂನಿಫಾರಂ ಕೂಡ ಬದಲಿಸದೆ ನನ್ನನ್ನು ಕರೆದುಕೊಂಡು ಇಲಾಖೆಯ ಕಚೇರಿಗೆ ಹೋದಳು. ಇಂಜಿನಿಯರು ನಮ್ಮನ್ನು ಕೂರಿಸಿ ಮಾತಾಡಿಸಿದರು, ಅಷ್ಟು ಒಳ್ಳೆಯವರೇ. ಆದರೆ ನಾನು ಕಂಡದ್ದನ್ನು, ಕೇಳಿದ್ದನ್ನು ಬರೆದಿದ್ದೇನೆ, ನನ್ನ ಕೈಯಲ್ಲಿ ಇನ್ನೇನೂ ಇಲ್ಲ ಎಂದರು. ದೊಡ್ಡಮ್ಮ ದೊಡ್ಡಪ್ಪನ ಕಾಯಿಲೆಯ ಕಥೆಯನ್ನೆಲ್ಲ ಹೇಳಿದಳು. ಅದು ಅವರ ಮನಸ್ಸಿಗೆ ತಾಕಿತು, ಕಾಣುತ್ತಿತ್ತು. ಆದರೂ ಕನ್ನಡಕ ತೆಗೆದು ಒರೆಸುತ್ತಾ, "ಅಮ್ಮಾ, ಇದು ವಿಹಾರದ ಯೋಜನೆ. ನೀವು ಹೇಳ್ತಿರೋದು ಚಿಕಿತ್ಸೆ. ಅದು ಆರೋಗ್ಯ ಇಲಾಖೆಗೆ ಬರುತ್ತೆ" ಎಂದರು. ಆರೋಗ್ಯ ಇಲಾಖೆಯಲ್ಲೇ ಕೂದಲು ಬೆಳ್ಳಗೆ ಮಾಡಿಕೊಂಡವಳಿಗೆ ಆ ಮಾತು ಹೇಗಿದ್ದಿರಬೇಡ. ನಾನು ಜಗಳಕ್ಕೆ ಬಾಯಿ ತೆರೆದೆ. ಅವಳು ನನ್ನ ಮೊಣಕೈ ಚಿವುಟಿ, ಇದನ್ನು ತಿರುಗಿಸುವವರು ಯಾರು, ಅವರ ಕೋಣೆ ಎಲ್ಲಿ ಎಂದು ಮಾತ್ರ ಕೇಳಿದಳು.

ತಿರುಗಿಸುವ ಅಧಿಕಾರ ಇದ್ದದ್ದು ಮೇಲಧಿಕಾರಿ ಮೇಡಂಗೆ. ಅವರು ಸಿಗುವುದು ಸುಲಭವಿರಲಿಲ್ಲ. ಮೀಟಿಂಗು, ಪ್ರವಾಸ, ಮತ್ತೆ ಮೀಟಿಂಗು. ದೊಡ್ಡಮ್ಮ ದಿನಾ ಸಂಜೆ ಹೋಗಿ ಅವರ ಕೋಣೆಯ ಹೊರಗಿನ ಬೆಂಚಿನಲ್ಲಿ ಕೂತಳು. ಅಲ್ಲಿನ ಜವಾನ ನಾಳೆ ಬಾ ಎಂದರೆ ನಾಳೆಯೂ ಬರುತ್ತೇನೆ, ಇವತ್ತೂ ಕೂರುತ್ತೇನೆ ಎನ್ನುತ್ತಿದ್ದಳು. ಕೊನೆಗೆ ಅವನೇ ರೋಸಿಹೋಗಿ, ಗುತ್ತಿಗೆಗೆ ಮುಂಚೆ ಪುರಸಭೆಯ ಸಭಾಂಗಣದಲ್ಲಿ ಒಂದು ಅಹವಾಲು ಸಭೆ ಇದೆ, ಯಾರು ಬೇಕಾದರೂ ಬಂದು ಮಾತಾಡಬಹುದು, ಮೇಡಂ ಅಲ್ಲಿರುತ್ತಾರೆ ಎಂದು ಬಾಯಿಬಿಟ್ಟ.

ಆ ಸಭೆಯಲ್ಲಿ ಮೊದಲು ಕ್ಲಬ್ಬಿನ ಕಾರ್ಯದರ್ಶಿ ಎದ್ದರು. ಬೆಣ್ಣೆಯಂಥ ಮಾತು. ಪಾಳು ಜಾಗ ಉದ್ಧಾರವಾಗುತ್ತದೆ, ಕಳ್ಳಕಾಕರ ಕಾಟ ತಪ್ಪುತ್ತದೆ, ಓಣಿಯವರು ಬೇಕಾದರೆ ಭಾನುವಾರಗಳಂದು ಕ್ಲಬ್ಬಿನ ಅಂಗಳದಲ್ಲಿ ನಿಂತು ಕೆರೆ ನೋಡಬಹುದು ಎಂದರು. ನೋಡಬಹುದಂತೆ! ನನಗೆ ಮೈ ಉರಿದುಹೋಯಿತು. ದೊಡ್ಡಮ್ಮ ಎದ್ದು ಮೈಕಿನ ಹತ್ತಿರ ಹೋದಳು. ಅವಳಿಗೆ ಮೈಕು ಹೊಸದು. ಮೊದಲು ಅದರ ತಲೆಯ ಮೇಲಿನ ಧೂಳನ್ನು ಬೆರಳಿನಿಂದ ಒರೆಸಿದಳು. ಆಮೇಲೆ ನಡೆದದ್ದನ್ನು ನಡೆದ ಹಾಗೆ ಹೇಳಿದಳು. ಬಟ್ಟೆ ತೆಗೆಸಿದ್ದು, ಮಕ್ಕಳನ್ನು ಕೂಡಿಹಾಕಿದ್ದು, ಹೆಜ್ಜೆ ಅಳಿಸಿದ್ದು, ಫಿನಾಯಿಲ್ ಚಿಮುಕಿಸಿದ್ದು, ಒಂದನ್ನೂ ಮುಚ್ಚಿಡಲಿಲ್ಲ. ಸಭೆಯಲ್ಲಿ ನಗು ಎದ್ದಿತು. ಅವಳು ನಗು ನಿಲ್ಲುವ ತನಕ ಕಾದಳು.

"ನಾವು ಆಸ್ಪತ್ರೆ ಜನ ಮೇಡಂ. ತಪಾಸಣೆ ಅಂದ್ರೆ ನಮಗೆ ಗೊತ್ತಿರೋದು ಅದೊಂದೇ," ಎಂದಳು. "ಇನ್ನೊಂದ್ಸಲ ಕಳ್ಸಿ. ಆದ್ರೆ ಯಾವತ್ತು ಬರ್ತಾರಂತ ಮಾತ್ರ ನಮಗೆ ಹೇಳ್ಬೇಡಿ. ಹೇಳಿದ್ರೆ ನಾವು ಮತ್ತೆ ಗುಡಿಸಿಬಿಡ್ತೀವಿ."

ಮೇಡಂ ನಕ್ಕರು. ನಕ್ಕ ಮೇಲೆ ಪಕ್ಕದಲ್ಲಿದ್ದ ಇಂಜಿನಿಯರ ಕಡೆ ತಿರುಗಿ, ಗುತ್ತಿಗೆಯನ್ನು ತಡೆಹಿಡಿಯಿರಿ, ಮುಂಚಿತವಾಗಿ ತಿಳಿಸದೆ ಹೋಗಿ ನೋಡಿ ಬನ್ನಿ ಎಂದರು. ಅದು ಕೊನೆಯ ಅವಕಾಶ ಎಂದೂ ಸೇರಿಸಿದರು.

ಅಲ್ಲಿಂದ ಓಣಿಗೆ ನೆಮ್ಮದಿ ಇಲ್ಲದಾಯಿತು. ಯಾರಾದರೂ ಬಿಳಿ ಶರ್ಟು ತೊಟ್ಟು ಬಂದರೆ ಸಾಕು, ಬಂದರು ಬಂದರು ಎಂದು ಗುಸುಗುಸು. ವಿಮೆ ಮಾಡಿಸಲು ಬಂದ ಏಜೆಂಟನೊಬ್ಬನಿಗೆ ಆ ವಾರ ಸಿಕ್ಕಿದಷ್ಟು ಟೀ ಅವನ ಜನ್ಮದಲ್ಲಿ ಸಿಕ್ಕಿರಲಿಕ್ಕಿಲ್ಲ. ಕೈ ಅಭ್ಯಾಸ ಬೇರೆ ಬಿಡುತ್ತಿರಲಿಲ್ಲ. ಒಂದು ಬೆಳಿಗ್ಗೆ ನೋಡಿದರೆ ದಂಡೆ ಗುಡಿಸಿ ಕನ್ನಡಿಯಾಗಿದೆ. ಲಾಂಡ್ರಿಯವನು ತಡೆಯಲಾರದೆ ಮಾಡಿದ ಕೆಲಸ. ದೊಡ್ಡಮ್ಮ ಅವನಿಗೆ ಮಂಗಳಾರತಿ ಎತ್ತಿ, ಮನೆಮನೆಗೂ ಹೋಗಿ, ಇನ್ನು ಯಾರೂ ಆ ಕಡೆ ಪೊರಕೆ ತೆಗೆದುಕೊಂಡು ಹೋಗಕೂಡದು, ಟ್ಯೂಬು ಇದ್ದಲ್ಲೇ ಇರಲಿ, ಬಟ್ಟೆ ಹರಡಿದಲ್ಲೇ ಹರಡಿರಲಿ ಎಂದು ಕಟ್ಟಪ್ಪಣೆ ಮಾಡಿದಳು. ಹಾಗೆ ಹೇಳಿ ಮನೆಗೆ ಬಂದು, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ಇಳಿಸಿಕೊಂಡು ತೊಳೆದಳು. ಆ ದಂಡೆಯನ್ನು ಹಾಗೆ ಬಿಟ್ಟು ಬರುವುದು ಅವಳಿಗೆ ಎಷ್ಟು ಕಷ್ಟವಿತ್ತೆಂದು ನಮಗಷ್ಟೇ ಗೊತ್ತು.

ದೊಡ್ಡ ಪೆಟ್ಟು ಬಿದ್ದದ್ದು ಮನೆಯೊಳಗಿನಿಂದ. ಯಾವ ದಿನ ಬೇಕಾದರೂ ಯಾರೋ ಬಂದು ನಿಂತು ನೋಡುತ್ತಾರೆ ಎಂದು ತಿಳಿದ ಮೇಲೆ ದೊಡ್ಡಪ್ಪ ನೀರಿಗೆ ಬರಲು ಒಪ್ಪಲಿಲ್ಲ. ಬೆಳಿಗ್ಗೆ ಎಬ್ಬಿಸಲು ಹೋದರೆ ಎಡಗೈಯಿಂದ ಮಂಚದ ಸರಳು ಹಿಡಿದುಕೊಂಡರು. "ಬೇಡ," ಎಂದರು. ತುಂಬಾ ಹೊತ್ತಿನ ಮೇಲೆ, "ನೋಡ್ತಾರೆ," ಎಂದರು. ದೊಡ್ಡಮ್ಮ ಗೋಗರೆದಳು. ಜಪ್ಪಯ್ಯ ಅಂದರೂ ಅಲ್ಲಾಡಲಿಲ್ಲ. ಮೂರ್ನಾಲ್ಕು ದಿನ ಹೀಗೇ ಆಯಿತು. ಕಾಲು ಮತ್ತೆ ಮರಗಟ್ಟಲು ಶುರುವಾಗಿತ್ತು. ನಮ್ಮಮ್ಮ ನನ್ನನ್ನು ಅಡುಗೆಮನೆಗೆ ಕರೆದು, ಪಾಪ, ಬಿಟ್ಟುಬಿಡು ಅಂತ ನಿನ್ನ ದೊಡ್ಡಮ್ಮನಿಗೆ ಹೇಳು ಎಂದಳು. ಹೇಳುವ ಧೈರ್ಯ ಅವಳಿಗೂ ಇರಲಿಲ್ಲ, ನನಗೂ ಇರಲಿಲ್ಲ.

ಆಮೇಲೆ ಒಂದು ಬೆಳಿಗ್ಗೆ ದೊಡ್ಡಮ್ಮ ಅವರ ಮುಂದೆ ಸ್ಟೂಲು ಹಾಕಿಕೊಂಡು ಕೂತಳು. ಬೈಯುತ್ತಾಳೆ ಎಂದುಕೊಂಡೆ. ಬೈಯಲಿಲ್ಲ.

"ರೀ, ವಾರ್ಡು ಚೆನ್ನಾಗಿ ಕಾಣ್ಲಿ ಅಂತ ಕಾಯಿಲೆಯವರನ್ನ ಹಿಂದಿನ ಬಾಗಿಲಿಂದ ಆಚೆ ಕಳ್ಸಿದೋಳು ನಾನು. ಆವತ್ತು ನಿಮ್ಮನ್ನೂ ಹಾಗೇ ಒಳಗಿಟ್ಟು ಬಾಗಿಲು ಹಾಕ್ದೆ," ಎಂದಳು. ಸ್ಟೂಲನ್ನು ಇನ್ನಷ್ಟು ಹತ್ತಿರ ಎಳೆದುಕೊಂಡಳು. "ನನ್ನ ಗಂಡನ್ನ ನಾನೇ ಬಚ್ಚಿಟ್ಟೆ. ಇನ್ನು ಇಡಲ್ಲ. ನೋಡೋರು ನೋಡ್ಲಿ."

ದೊಡ್ಡಪ್ಪ ಅವಳನ್ನೇ ನೋಡುತ್ತಿದ್ದರು. ಅವರ ಕಣ್ಣಿನಿಂದ ನೀರು ಇಳಿದು ಸೊಟ್ಟ ತುಟಿಯ ಪಕ್ಕದಲ್ಲಿ ನಿಂತಿತು. ಆಮೇಲೆ ಮಂಚದ ಸರಳು ಬಿಟ್ಟು, ಗೋಡೆಯ ಮೊಳೆಗೆ ಹಾಕಿದ್ದ ಟವೆಲ್ಲಿನ ಕಡೆ ಕೈ ತೋರಿಸಿದರು.

ಇಂಜಿನಿಯರು ಬಂದದ್ದು ಯಾರೂ ಎಣಿಸದ ಹೊತ್ತಿನಲ್ಲಿ, ಮೋಡ ಕವಿದ ಒಂದು ಬೆಳಿಗ್ಗೆ, ನಡೆದುಕೊಂಡು. ದಂಡೆ ಹೇಗಿತ್ತೆಂದರೆ, ಕಾಲಿಡಲು ಜಾಗವಿರಲಿಲ್ಲ. ಎಲ್ಲೆಂದರಲ್ಲಿ ಚಪ್ಪಲಿ. ಕ್ಲಬ್ಬಿನ ಗೋಡೆಯ ಮೇಲೆ ಒದ್ದೆ ಬಟ್ಟೆ. ಟೀ ಕುಡಿದು ಬಿಟ್ಟ ಲೋಟಗಳು, ಹಲಗೆ, ಟ್ಯೂಬು, ಮೀನಿನ ಹುರುಪೆ. ನೀರಿನಲ್ಲಿ ಮಕ್ಕಳ ಕೂಗಾಟ. ದೊಡ್ಡಮ್ಮ ಹಳೇ ಬಟ್ಟೆಯಲ್ಲಿ ಎದೆಮಟ್ಟದ ನೀರಿನಲ್ಲಿ ನಿಂತು ದೊಡ್ಡಪ್ಪನ ಎರಡೂ ಕೈ ಹಿಡಿದು ನಡೆಸುತ್ತಿದ್ದಳು. ನಾನು ದಂಡೆಯ ಕಲ್ಲಿನ ಮೇಲಿದ್ದೆ. ಅವಳು ತಲೆಯೆತ್ತಿ ಇಂಜಿನಿಯರನ್ನು ಕಂಡಳು. ಅವಳ ಕಣ್ಣು ಲೋಟಗಳ ಮೇಲೆ ಹೋಯಿತು, ಬಟ್ಟೆಯ ಮೇಲೆ ಹೋಯಿತು, ಹುರುಪೆಯ ಮೇಲೆ ಹೋಯಿತು. ಓಡಿಬಂದು ಎಲ್ಲವನ್ನೂ ಎತ್ತಿಡುವ ಹಾಗೆ ಮೈ ಮುಂದಕ್ಕೆ ವಾಲಿತು ಕೂಡ. ಆದರೆ ಕೈಯಲ್ಲಿ ದೊಡ್ಡಪ್ಪ ಇದ್ದರು. ಬಿಟ್ಟರೆ ಅವರು ಮುಳುಗುತ್ತಾರೆ. ನಿಂತಲ್ಲೇ ನಿಂತಳು.

ಇಂಜಿನಿಯರು ಚಪ್ಪಲಿಗಳ ನಡುವೆ ಹುಷಾರಾಗಿ ಹೆಜ್ಜೆಯಿಡುತ್ತಾ ಬಂದರು. ಗಾಳ ಹಾಕಿದ್ದ ಮುದುಕ, ಇವರು ಯಾರೆಂದು ತಿಳಿಯದೆ, ಮೀನು ಬೆದರುತ್ತದೆ, ಅತ್ತ ಸರೀರಿ ಎಂದು ಗದರಿದ. ಇವರು ಸರಿದು ನಿಂತರು. ಹೆಂಗಸರನ್ನು, ಪಂಚರ್ ಅಂಗಡಿಯವನನ್ನು, ಒಬ್ಬೊಬ್ಬರನ್ನೂ ಕೇಳಿ ಬರೆದುಕೊಂಡರು. ಈ ಸಲ ಪಂಚರ್ ಅಂಗಡಿಯವನು ಬಾಯಿ ಸಂಭಾಳಿಸಿ ಮಾತಾಡಿದ. ಕೊನೆಗೆ ನೀರಿನಂಚಿಗೆ ಬಂದು, ಬೂಟು ಕೆಸರಿನಲ್ಲಿ ಹೂತುಕೊಳ್ಳುತ್ತಿದ್ದರೂ ಲೆಕ್ಕಿಸದೆ, ನೇರವಾಗಿ ದೊಡ್ಡಪ್ಪನನ್ನು ನೋಡಿದರು.

"ಯಜಮಾನ್ರೇ, ನೀವು ಇಲ್ಲಿಗೆ ಯಾತಕ್ಕೆ ಬರ್ತೀರಿ?"

ದೊಡ್ಡಮ್ಮ ಬಾಯಿ ತೆರೆದಳು. ಅವಳ ಹತ್ತಿರ ಉತ್ತರ ತಯಾರಿತ್ತು: ಲಕ್ವ, ವ್ಯಾಯಾಮದ ಹುಡುಗಿ, ಮೈ ಹಗುರಾಗುವುದು. ಇದು ಚಿಕಿತ್ಸೆ, ನಮ್ಮ ಇಲಾಖೆಗೆ ಬರುವುದಿಲ್ಲ ಎಂದು ಅವರು ಮತ್ತೆ ಬರೆದುಕೊಂಡು ಹೋಗುತ್ತಾರೆ ಎಂದು ನನಗೆ ಗಾಬರಿಯಾಯಿತು. ಅಷ್ಟರಲ್ಲಿ ದೊಡ್ಡಪ್ಪ ಎಡಗೈಯಿಂದ ಅವಳ ಕೈಯನ್ನು ಒತ್ತಿ ಹಿಡಿದರು. ಅವಳು ಸುಮ್ಮನಾದಳು. ದೊಡ್ಡಪ್ಪನ ತುಟಿ ಅಲುಗಿತು, ಮುಖ ಕೆಂಪಾಯಿತು, ಕತ್ತಿನ ನರ ಉಬ್ಬಿತು. ದಂಡೆಯಲ್ಲಿದ್ದವರೆಲ್ಲ ನೋಡುತ್ತಿದ್ದರು. ಅಷ್ಟು ಜನರ ಮುಂದೆ ಅವರು ಮಾತಾಡಿದ್ದನ್ನು ಕಾಯಿಲೆ ಬಿದ್ದ ಮೇಲೆ ಯಾರೂ ಕಂಡಿರಲಿಲ್ಲ.

"ಖುಷಿಗೆ," ಎಂದರು.

ಪದ ಸೊಟ್ಟಗೇ ಬಂತು. ಇಂಜಿನಿಯರಿಗೆ ಸರಿಯಾಗಿ ಕೇಳಿಸಲಿಲ್ಲವೇನೋ, ಕಿವಿ ಮುಂದೆ ಮಾಡಿದರು. ದೊಡ್ಡಪ್ಪ ಇನ್ನೂ ಗಟ್ಟಿಯಾಗಿ, ಇಡೀ ಕೆರೆಗೆ ಕೇಳುವ ಹಾಗೆ, ಮತ್ತೊಮ್ಮೆ ಹೇಳಿದರು. "ಖುಷಿಗೆ. ನೀರು... ಮಜಾ."

ಇಂಜಿನಿಯರು ತಲೆ ಬಗ್ಗಿಸಿ ಬರೆದುಕೊಂಡರು. ಬರೆದು ಮುಗಿಸಿ, ಕಂಬಿ ಹಿಡಿಯಲು ಯಾವ ಕೈಗೆ ಶಕ್ತಿಯಿದೆ ಎಂದು ಅವರನ್ನೇ ಕೇಳಿದರು. ದೊಡ್ಡಪ್ಪ ಎಡಗೈ ಎತ್ತಿ ತೋರಿಸಿದರು. ಹಾಗಾದರೆ ಇಳಿಯುವಾಗ ಒಂದು ಕಡೆ, ಹತ್ತುವಾಗ ಇನ್ನೊಂದು ಕಡೆ, ಎರಡೂ ಬದಿಗೆ ಕಂಬಿ ಬೇಕಾಗುತ್ತದೆ ಎಂದು ತಮಗೆ ತಾವೇ ಹೇಳಿಕೊಳ್ಳುತ್ತಾ, ಓಣಿಯ ತುದಿಯಿಂದ ನೀರಿನವರೆಗೆ ಹೆಜ್ಜೆ ಹಾಕಿ ಅಳೆದರು.

ಇಳಿಜಾರು ಆಯಿತು. ಸರ್ಕಾರದ ಕೆಲಸವಾದ್ದರಿಂದ ಆಮೆಗತಿಯಲ್ಲೇ ಆಯಿತು. ನಡುವೆ ಸಿಮೆಂಟು ಬಂದರೆ ಮರಳಿಲ್ಲ, ಮರಳು ಬಂದರೆ ಮೇಸ್ತ್ರಿ ಇಲ್ಲ, ಕಂಬಿಗೆ ಒಮ್ಮೆ ಹಚ್ಚಿದ ಬಣ್ಣವನ್ನು ಕೆರೆದು ಇನ್ನೊಮ್ಮೆ ಹಚ್ಚಿದರು. ಈಗ ದೊಡ್ಡಪ್ಪ ಕಂಬಿ ಹಿಡಿದು ಕಾಲೆಳೆಯುತ್ತಾ ತಾವೇ ನೀರಿಗಿಳಿಯುತ್ತಾರೆ. ಬಂಗಲೆಗಳ ಕಡೆಯಿಂದಲೂ ಜನ ಬರುತ್ತಾರೆ, ಕ್ಲಬ್ಬಿನ ಕಾರ್ಯದರ್ಶಿ ಕೂಡ ಮಂಡಿನೋವಿನ ತಾಯಿಯನ್ನು ಕರೆದುಕೊಂಡು ಒಂದು ಸಲ ಬಂದಿದ್ದರು. ದೊಡ್ಡಮ್ಮ ಅವರಿಗೆ ಹುಷಾರು, ತುದಿಯಲ್ಲಿ ಪಾಚಿ ಇದೆ ಎಂದಷ್ಟೇ ಹೇಳಿದಳು. ನಾನಾಗಿದ್ದರೆ ಇನ್ನೂ ನಾಲ್ಕು ಮಾತು ಸೇರಿಸುತ್ತಿದ್ದೆ.

ಆದರೆ ಇಂಜಿನಿಯರು ಬಂದು ಹೋದ ದಿನ ಮನೆಗೆ ವಾಪಸು ಬರುವಾಗ ನಡೆದದ್ದನ್ನು ಹೇಳದೆ ಇದನ್ನು ಮುಗಿಸಲಾರೆ. ಓಣಿಯವರೆಲ್ಲ ಗೆದ್ದೆವೆಂದು ಕುಣಿಯುತ್ತಿದ್ದರು. ದೊಡ್ಡಮ್ಮ ಮಾತ್ರ ಬಿರಬಿರನೆ ಗಾಲಿಕುರ್ಚಿ ತಳ್ಳುತ್ತಿದ್ದಳು. ಪಂಚರ್ ಅಂಗಡಿ ದಾಟಿದ ಮೇಲೆ ನಿಂತು, ಮುಂದೆ ಬಂದು ದೊಡ್ಡಪ್ಪನ ಎದುರು ಸೊಂಟದ ಮೇಲೆ ಕೈಯಿಟ್ಟು ನಿಂತಳು. ಅವಳಿಗೆ ನಗು ಬರುತ್ತಿತ್ತೋ ಅಳು ಬರುತ್ತಿತ್ತೋ ಅವಳಿಗೇ ತಿಳಿಯದ ಹಾಗಿತ್ತು.

"ಕಾಲು ಸರಿಹೋಗ್ಲಿ ಅಂತ ನಾನು ಬೆನ್ನು ಮುರ್ಕೊಂಡು ಎಳ್ಕೊಂಡು ಹೋದ್ರೆ, ಇವ್ರು ಖುಷಿಗೆ ಬರ್ತಿದ್ರಂತೆ. ಅಷ್ಟು ಖುಷಿ ಇದ್ದಿದ್ರೆ ನನಗೊಂದು ಮಾತು ಹೇಳ್ಬಾರ್ದಿತ್ತಾ?"

ದೊಡ್ಡಪ್ಪ ಪದಕ್ಕಾಗಿ ಹುಡುಕಾಡಿದರು. ನಾವಿಬ್ಬರೂ ಕಾದೆವು.

"ನೀ... ಕೇಳ್ಲಿಲ್ಲ," ಎಂದರು.

ಅವಳು ಮತ್ತೆ ಹಿಂದೆ ಹೋಗಿ ಕುರ್ಚಿ ತಳ್ಳಿದಳು. ಅಂದು ರಾತ್ರಿ ನಾನು ಅವರ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಎದ್ದು ನೋಡಿದರೆ ದೊಡ್ಡಮ್ಮ ಟವೆಲ್ಲು ಹೆಗಲಿಗೆ ಹಾಕಿಕೊಂಡು ಎಂದಿನಂತೆ ಮಂಚದ ಪಕ್ಕ ನಿಂತಿದ್ದಳು. ಆಸ್ಪತ್ರೆಗೆ ಹೊತ್ತಾಗುತ್ತಿತ್ತು. ಆದರೂ ಏಳಿ ಅನ್ನಲಿಲ್ಲ. ಮಂಚದ ಅಂಚಿನ ಮೇಲೆ, ಹೊದಿಕೆ ಸುಕ್ಕಾಗುವುದನ್ನೂ ನೋಡದೆ ಕೂತಳು.

"ಇವತ್ತು ಹೋಗೋಣ್ವಾ?" ಎಂದು ಕೇಳಿದಳು.

ಕೇಳಿ, ಅವರ ನಾಲಿಗೆಗೆ ಬೇಕಾದಷ್ಟು ಹೊತ್ತು ಕಾದಳು.